ಆಷಾಢದಲ್ಲಿ ಬಂದ ಕಲೆ

ಕಳೆದ ಭಾನುವಾರ ಬಾಗಲಕೋಟೆಯ ನವನಗರದಲ್ಲಿ ಒಂದು ಚಿತ್ರಕಲಾ ಪ್ರದರ್ಶನ ಉದ್ಘಾಟನೆಯಾಯಿತು. ನನ್ನವೂ ಮೂರು ಚಿತ್ರಗಳು ಗೋಡೆಯ ಮೇಲಿದ್ದವು. ನಿರೂಪಕರು ನನ್ನನ್ನು ವೇದಿಕೆಗೆ ಕರೆಯುತ್ತ, ‘ಇವರ ತಂದೆಯವರೂ ಕಲಾವಿದರು, ಕಲೆ ಇವರಿಗೆ ರಕ್ತದಲ್ಲೇ ಬಂದಿದೆ’ ಎಂದರು. ಚಪ್ಪಾಳೆ ಬಿತ್ತು, ನಾನೂ ಕೈ ಮುಗಿದೆ. ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಇದನ್ನು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ನಿಮ್ಮಪ್ಪನ ರಕ್ತದಲ್ಲಿ ಏನಿತ್ತು ಎಂಬುದು ನನಗೆ ಗೊತ್ತು’ ಎಂದಳು.

ಆ ಮಾತು ನಾಲ್ಕು ದಿನದಿಂದ ತಲೆಯೊಳಗೆ ಕುಳಿತಿದೆ. ಬರಹ ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಅಪ್ಪ ಹಳೆಯ ಬಾಗಲಕೋಟೆಯಲ್ಲಿ ಬೋರ್ಡ್ ಬರೆಯುತ್ತಿದ್ದರು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಲಾರಿಯ ಹಿಂಬದಿ, ಮದುವೆ ಮನೆಯ ಬಾಗಿಲಿನ ಎರಡೂ ಕಡೆ ಆನೆ ಮತ್ತು ಕಳಶ. ಚಳಿಗಾಲ ಬಂತೆಂದರೆ ನಾಟಕದ ಪರದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಪುಷ್ಯ ಮಾಸದಲ್ಲಿ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ, ತಿಂಗಳುಗಟ್ಟಲೆ ಆಡುತ್ತವೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾದ ವಿಷಯವಲ್ಲ. ಆ ಕಂಪನಿಗಳಿಗೆ ದರಬಾರು, ರಸ್ತೆ, ಕಾಡು ಹೀಗೆ ಬೇರೆ ಬೇರೆ ಸೀನುಗಳ ಪರದೆ ಬೇಕು. ಹಳೆಯದು ಮಾಸಿದ್ದರೆ ದೀಪಾವಳಿ ಮುಗಿಯುತ್ತಲೇ ಅಪ್ಪನಿಗೆ ಕರೆ ಬರುತ್ತಿತ್ತು.

ಒಂದು ವರ್ಷ ಅಪ್ಪ ಬರೆದ ಕಾಡಿನ ಪರದೆಯನ್ನು ಬಿಚ್ಚಿ ನೋಡಿದ ಕಂಪನಿಯ ಮಾಲೀಕರು, ‘ಕಾಡಿಗೆ ಬೆಂಕಿ ಬಿದ್ದಿದೆಯೇನು?’ ಎಂದು ಕೇಳಿದರಂತೆ. ಗಿಡಗಳ ಅರ್ಧ ಎಲೆಗಳು ಇಟ್ಟಿಗೆಯ ಬಣ್ಣಕ್ಕಿದ್ದವು. ಅಪ್ಪ ಒಂದು ಕ್ಷಣವೂ ತಡವರಿಸದೆ, ‘ಇದು ಸಂಜೆಯ ಕಾಡು’ ಎಂದರಂತೆ. ಮಾಲೀಕರು ಒಪ್ಪಿ ಹಣವನ್ನೂ ಕೊಟ್ಟರು. ಆ ಜಾತ್ರೆಯ ಉದ್ದಕ್ಕೂ ಆ ಕಂಪನಿಯ ನಾಯಕ ನಾಯಕಿಯರು ಸಂಜೆಯ ಹೊತ್ತಿನಲ್ಲೇ ಕಾಡಿಗೆ ಹೋದರು.

ಅಪ್ಪನಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಬಣ್ಣದಲ್ಲೇ ಹೊಟ್ಟೆ ಹೊರೆದವರಿಗೆ! ಆ ಜಾತ್ರೆಯ ನಂತರ ಅದು ಅವ್ವನಿಗೂ ಖಚಿತವಾಯಿತು. ಹೊಸ ಡಬ್ಬಿಯಾದರೆ ಮೇಲಿನ ಹೆಸರು ಓದಿಕೊಳ್ಳಬಹುದು. ಆದರೆ ಬೆರೆಸಿದ ಬಣ್ಣಕ್ಕೆ ಹೆಸರು ಎಲ್ಲಿಂದ ಬರಬೇಕು? ಬೆರೆಸಿದ್ದು ತೆಂಗಿನ ಕರಟಗಳಲ್ಲಿರುತ್ತಿತ್ತು. ಅವ್ವ ಈಳಿಗೆಯ ಮಣೆ ಹಾಕಿ ಕುಳಿತು ಕರಟದ ಅಂಚಿಗೆ ಕಚ್ಚು ಮಾಡಿದಳು. ಕೆಂಪಿಗೆ ಒಂದು ಕಚ್ಚು, ಹಸಿರಿಗೆ ಎರಡು, ಕಂದು ಬಣ್ಣಕ್ಕೆ ಮೂರು. ಅಪ್ಪ ಬ್ರಷ್ ಅದ್ದುವ ಮೊದಲು ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡುತ್ತಿದ್ದರು. ಬಣ್ಣ ಬೆರೆಸುವ ಕೆಲಸವಂತೂ ಪೂರ್ತಿ ಅವ್ವನದೇ ಆಯಿತು. ಅವ್ವನಿಗೆ ಅಕ್ಷರ ಬಾರದು, ಅಪ್ಪನಿಗೆ ಬಣ್ಣ ಬಾರದು. ಇಬ್ಬರೂ ಸೇರಿದರೆ ಒಬ್ಬ ಪೇಂಟರ್. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಮಾತ್ರ ಅಪ್ಪನ ಹೆಸರಿರುತ್ತಿತ್ತು.

ಅವ್ವ ಬಣ್ಣಗಳಿಗೆ ಇಟ್ಟ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿಲ್ಲವಲ್ಲ ಎಂದು ಈಗ ಹಳಹಳಿಸುತ್ತೇನೆ. ಹಸಿರು ಎಂದರೆ ಒಂದೇ ಹಸಿರೇ? ಸೀತನಿಯ ಎಳೆ ಜೋಳದ ತೆನೆಯ ಹಸಿರು ಬೇರೆ, ಹಸಿ ಕಡಲೆ ಸುಲಗಾಯಿಯ ಹಸಿರು ಬೇರೆ, ಬದನೆ ಎಲೆಯ ಹಸಿರು ಬೇರೆ. ಬೇಸಿಗೆಯಲ್ಲಿ ಎರೆ ಹೊಲ ಬಿರಿದಾಗ ಬಿರುಕಿನ ಒಳಗೆ ಕಾಣುವ ಕಪ್ಪು ಬೇರೆ, ಮಳೆ ಬಿದ್ದ ಮರುದಿನದ ಕಪ್ಪು ಬೇರೆ. ಕುಸುಬೆ ಹೂವಿನ ಹಳದಿ ಕಿತ್ತಳೆಗೆ ತಿರುಗುವ ವಾರ ಅವಳಿಗೆ ಗೊತ್ತಿತ್ತು. ನನಗೆ ಅದು ಇವತ್ತಿಗೂ ಪಕ್ಕಾ ಗೊತ್ತಿಲ್ಲ, ನಾನು ಟ್ಯೂಬಿನಿಂದ ಹಿಂಡಿಕೊಳ್ಳುವವನು.

ಇನ್ನು ಆಷಾಢದ ಮಾತು. ಪ್ರದರ್ಶನದ ಭಾಷಣಗಳಲ್ಲಿ ‘ಋತುಗಳಿಂದ ಸ್ಫೂರ್ತಿ’ ಎಂದು ಬಹಳ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದರ ಅರ್ಥ ಸರಳವಾಗಿತ್ತು: ಕೆಲಸವಿಲ್ಲದ ತಿಂಗಳು. ಆಷಾಢದಲ್ಲಿ ಮದುವೆ ಇಲ್ಲ, ಹೊಸ ಅಂಗಡಿ ಯಾರೂ ತೆರೆಯುವುದಿಲ್ಲ. ಮೋಡ ಕವಿದು ತಂಪು ಗಾಳಿ ಬೀಸುವಾಗ ತಗಡಿನ ಮೇಲೆ ಹಚ್ಚಿದ ಬಣ್ಣ ಬೇಗ ಒಣಗುವುದಿಲ್ಲ, ಒಣಗಿದರೂ ಹೊಳಪು ಬಾರದೆ ಮಂಕಾಗುತ್ತದೆ. ಹಾಗಾಗಿ ಅಪ್ಪ ಮನೆಯಲ್ಲಿ. ಸಾಲದ ಅಂಗಡಿಯವರಿಗೆ ಮುಖ ತಪ್ಪಿಸಿಕೊಂಡು ಒಳಗೇ ಕುಳಿತ ಆ ನಾಲ್ಕು ವಾರಗಳಲ್ಲಿ ಅವರು ಗಿರಾಕಿ ಹೇಳದ ಚಿತ್ರಗಳನ್ನು ಬರೆದರು. ಹಳೆಯ ಬೋರ್ಡಿನ ಹಿಂಬದಿಗೆ ನಮ್ಮ ಓಣಿಯ ಬಾವಿ, ಮಲಗಿದ ನಾಯಿ, ಹಿಟ್ಟು ಹಾರಿದ ಗಿರಣಿಯ ಮಾಲೀಕನ ಹುಬ್ಬು. ನಾನು ಚಿತ್ರ ಎಂದು ನೋಡಿದ್ದು ಇವನ್ನೇ. ಇವು ಬರೆಯಲಾದದ್ದು ಸಂತೋಷದಿಂದಲ್ಲ, ಕೈ ಖಾಲಿ ಇದ್ದುದರಿಂದ.

ಅದೇ ತಿಂಗಳ ಹೊಸ್ತಿಲಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಹದಿನೈದು ದಿನ ಮೊದಲು ಕಾರ ಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಅವನ್ನು ಓಡಿಸಿ ಕರಿ ಹರಿದಿರುತ್ತಾರೆ. ಗೆದ್ದ ಎತ್ತಿನ ಬಣ್ಣ ನೋಡಿ ಮುಂಗಾರಿ ಚೆನ್ನೋ ಹಿಂಗಾರಿ ಚೆನ್ನೋ ಎಂದು ಹೇಳುವವರೂ ಇದ್ದಾರೆ. ಆ ಎತ್ತುಗಳನ್ನು ಕಣ್ಣು ತುಂಬ ನೋಡಿದ ಮೇಲೆ ಮಣ್ಣಿನಲ್ಲಿ ಮಾಡುವ ಸರದಿ ಬರುತ್ತದೆ. ಮೊದಲು ಜೀವಂತ ಮಾದರಿ, ಆಮೇಲೆ ಶಿಲ್ಪ. ಯಾವ ಕಲಾಶಾಲೆಯ ಪಠ್ಯವೂ ಇಷ್ಟು ಸರಿಯಾಗಿ ಹೊಂದಿಸಿರಲಿಕ್ಕಿಲ್ಲ.

ನಮ್ಮ ಮನೆಯ ಎತ್ತು ಮಾಡುತ್ತಿದ್ದವಳು ಆಯಿ, ಅಪ್ಪನ ತಾಯಿ. ಘಟಪ್ರಭೆಯ ದಂಡೆಯಿಂದ ಮಣ್ಣು ತರುತ್ತಿದ್ದಳು. ಎರೆ ಮಣ್ಣು ಒಣಗಿದರೆ ಸೀಳುತ್ತದೆ, ಅದಕ್ಕೆ ಅರಳೆ ಹಿಂಜಿ ಹಾಕಿ ಮುಂಗೈಯಿಂದ ನಾದುತ್ತಿದ್ದಳು. ಹಸಿ ಮಣ್ಣಿನ ಕಾಲು ಹೊಟ್ಟೆಯ ಭಾರಕ್ಕೆ ಕುಸಿಯಬಾರದೆಂದು ಒಳಗೆ ಜೋಳದ ದಂಟಿನ ಚೂರು. ಮುಂದೆ ಧಾರವಾಡದಲ್ಲಿ ಕಲಿಯುವಾಗ ಮಣ್ಣಿನ ಮೂರ್ತಿಯ ಒಳಗೆ ಕೊಡುವ ಆಧಾರಕ್ಕೆ ಆರ್ಮೇಚರ್ ಎನ್ನುತ್ತಾರೆ ಎಂದು ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದಾಗ ನನಗೆ ಕಂಡದ್ದು ಜೋಳದ ದಂಟು. ಆಯಿ ಎಂದೂ ನನ್ನ ಎತ್ತನ್ನು ಚೆನ್ನಾಗಿದೆ ಎನ್ನಲಿಲ್ಲ. ಒಮ್ಮೆ ನಾನು ಮಾಡಿದ ಎತ್ತಿನ ನಾಲ್ಕೂ ಕಾಲು ಮೇಜಿನ ಕಾಲಿನ ಹಾಗೆ ನೆಟ್ಟಗಿದ್ದವು. ‘ಹೊರಗೆ ಹೋಗು, ನಿಂತ ಎತ್ತನ್ನು ನೋಡಿ ಬಾ, ಯಾವ ಕಾಲಿನ ಮೇಲೆ ಭಾರ ಹಾಕಿದೆ ಹೇಳು’ ಎಂದಳು. ಬಂದು ಹೇಳಿದೆ. ‘ಮತ್ತೆ?’ ಎಂದಳು. ಅಷ್ಟೇ ಪಾಠ. ಜೋಡೆತ್ತು, ಒಂದು ಗೋದಲಿ, ಪೂಜೆ, ಹೋಳಿಗೆ. ಮರುದಿನ ಓಣಿಯ ಹುಡುಗರೆಲ್ಲ ಒಂದು ಎತ್ತಿನ ಕಾಲು ಮುರಿದುಕೊಂಡು, ಎಂಟು ಎತ್ತುಗಳಲ್ಲಿ ಒಂದು ಕುಂಟಾಗಿದೆ, ಜೋಳ ನೀಡಿ ಎಂದು ಮನೆ ಮನೆ ತಿರುಗುತ್ತಿದ್ದೆವು. ಇಷ್ಟು ಶ್ರಮದ ಶಿಲ್ಪದ ಕಾಲನ್ನು ನಾವೇ ಮುರಿಯುತ್ತಿದ್ದೆವು, ಆಯಿ ಬೈಯುತ್ತಿರಲಿಲ್ಲ.

ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ದೇವಿ ಗುಳ್ಳವ್ವ. ಅದು ಹುಡುಗಿಯರದು. ಮೆತ್ತನೆಯ ಮಣ್ಣಿಗೆ ಗುಲಗಂಜಿ, ಕುಸುಬೆ ಕಾಳು ಒತ್ತಿ ಅವಳಿಗೆ ಒಡವೆ ಹಾಕುತ್ತಾರೆ. ಕೆಂಪು ಕಪ್ಪಿನ ಗುಲಗಂಜಿಯನ್ನು ಕತ್ತಿನ ಸುತ್ತ ಹೇಗೆ ಸಾಲು ಹಿಡಿಸಬೇಕು, ಎಲ್ಲಿ ಬಿಳಿಯ ಕುಸುಬೆಯಿಂದ ಉಸಿರಾಡಲು ಜಾಗ ಕೊಡಬೇಕು ಎಂಬುದರಲ್ಲಿ ನನ್ನ ಅಕ್ಕನ ಕೈ ಇಡೀ ಓಣಿಗೆ ಗೊತ್ತಿತ್ತು. ಶ್ರಾವಣದಲ್ಲಿ ಪಂಚಮಿಯ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಅವನ ಹಿಂದೆಯೇ ಬುಟ್ಟಿಯಲ್ಲಿ ಬೇವಿನ ಎಲೆಗಳ ನಡುವೆ ಬಾಯಿಗೆ ಬೆಣ್ಣೆ ಮೆತ್ತಿಕೊಂಡು ಬರುವ ಜೋಕುಮಾರ, ದೀಪಾವಳಿಗೆ ಸೆಗಣಿಯ ಪಾಂಡವರು. ಮಣ್ಣು ಹಸಿಯಾಗಿರುವ ತಿಂಗಳುಗಳಲ್ಲಿ ಮಣ್ಣಿನ ದೇವರು. ಬಣ್ಣ ಒಣಗುವ ತಿಂಗಳುಗಳಲ್ಲಿ ಬಣ್ಣದ ಕೆಲಸ, ಕೊನೆಗೆ ಫಾಲ್ಗುಣದಲ್ಲಿ ಬಾಗಲಕೋಟೆಯ ಹೋಳಿ. ಅದರ ಬಗ್ಗೆ ನಾನು ಬರೆಯುವುದಿಲ್ಲ, ಹಲಗೆ ವಾದ್ಯದ ಸದ್ದು ನೆನಪಾದರೆ ಬರಹ ಬೇರೆ ದಾರಿ ಹಿಡಿಯುತ್ತದೆ.

ಈಗ ನನ್ನ ಸಿಟ್ಟಿನ ಭಾಗ. ಭಾನುವಾರದ ಪ್ರದರ್ಶನದಲ್ಲಿ ನಾನು ಎಣಿಸಿದೆ: ಮಳೆಯ ಚಿತ್ರಗಳು ಒಂಬತ್ತು. ಎಲ್ಲದರಲ್ಲೂ ದಟ್ಟ ಹಸಿರು, ಹೆಂಚಿನ ಮನೆ, ಅಡಿಕೆ ಮರ, ಕಂಬಳಿ ಕೊಪ್ಪೆ. ಸ್ವಾಮಿ, ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಬೀಳದ ಜಿಲ್ಲೆ ನಮ್ಮದು. ಮೋಡ ಬಂದು ಮೂರು ದಿನ ಆಸೆ ತೋರಿಸಿ ಹೋಗಿಬಿಡುವುದು ನಮ್ಮ ಮಳೆಗಾಲ. ನೆರೆ ಬಂದರೂ ಅದು ಎಲ್ಲೋ ಪಶ್ಚಿಮದಲ್ಲಿ ಬಿದ್ದ ಮಳೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೆ ನುಗ್ಗಿತಲ್ಲ, ಕೆಂಪು ಕಲ್ಲಿನ ಗುಡಿಯ ಸುತ್ತ ಕಂದು ನೀರು ನಿಂತ ಆ ನೋಟವನ್ನು ಒಬ್ಬರಾದರೂ ಬರೆಯಬಾರದೇ? ಮಾಳಿಗೆ ಮನೆಯ ಮಣ್ಣು ಸೋರುವುದನ್ನು, ಮಾಘದ ಮುಂಜಾನೆ ಬಿಳಿ ಜೋಳದ ತೆನೆಯ ಮೇಲೆ ಬೀಳುವ ಬಿಸಿಲನ್ನು? ಮೊಬೈಲಿನಲ್ಲಿ ಸಿಕ್ಕ ಮಲೆನಾಡನ್ನು ನಕಲು ಮಾಡಿ ‘ವರ್ಷಧಾರೆ’ ಎಂದು ಹೆಸರಿಡುವುದಕ್ಕೆ ನಮ್ಮ ಋತುಗಳು ಹೊಣೆಯಲ್ಲ. ನನ್ನ ಮೂರರಲ್ಲಿ ಒಂದು ಕೂಡ ಅಂಥದ್ದೇ ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ. ಅದೇ ಮೊದಲು ಮಾರಾಟವಾಯಿತು.

ಇದಕ್ಕಿಂತ ದೊಡ್ಡ ಸಿಟ್ಟು ಹೆಸರುಗಳ ಬಗ್ಗೆ. ಕೆಲವು ವರ್ಷಗಳ ಹಿಂದೆ ಅಕ್ಕ ಅವ್ವನ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿದ್ದಳು. ಮದುವೆಯಾದ ಮೊದಲ ಆಷಾಢದಲ್ಲಿ ತವರಿಗೆ ಬಂದಾಗ ಆರಂಭಿಸಿದ್ದು, ಮುಗಿಸಲು ನಾಲ್ಕು ವರ್ಷ. ತೇರು, ಗೋಪುರ, ತುಳಸಿ ಕಟ್ಟೆ, ನವಿಲು, ಮತ್ತು ಯಾವ ಹಳೆಯ ನಮೂನೆಯಲ್ಲೂ ಇಲ್ಲದ ನಮ್ಮ ಓಣಿಯ ಬಾವಿ. ಗವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಹಿಂದೆ ಮುಂದೆ ಎರಡೂ ಒಂದೇ ರೀತಿ ಬರಬೇಕು, ಗಂಟು ಕಾಣಬಾರದು, ಮೊದಲೇ ಗೆರೆ ಎಳೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಹೋದ ಬಾವಿಯನ್ನು, ಆ ಓಣಿಯೇ ಆಲಮಟ್ಟಿಯ ಹಿನ್ನೀರಿನಡಿ ಹೋಯಿತಲ್ಲ, ಅವಳು ಎಳೆ ಎಣಿಸಿ ಮೇಲೆತ್ತಿದ್ದಳು. ಅದನ್ನು ಒಂದು ಪ್ರದರ್ಶನಕ್ಕೆ ಒಯ್ದೆ. ಸಂಘಟಕರು ಬಹಳ ವಿನಯದಿಂದ, ‘ಇದು ಕರಕುಶಲ ವಿಭಾಗಕ್ಕೆ ಬರುತ್ತದೆ, ಹೊರಗೆ ಮಳಿಗೆ ಹಾಕಿಕೊಳ್ಳಿ’ ಎಂದರು. ಅದೇ ಬಾವಿಯನ್ನು ಅಪ್ಪನ ಬೋರ್ಡ್ ನೋಡಿ ನಾನು ಕ್ಯಾನ್ವಾಸಿನ ಮೇಲೆ ಬರೆದದ್ದು ಒಳಗೆ ದೀಪದ ಕೆಳಗಿತ್ತು.

ಇದು ಹೊಸ ರೋಗವಲ್ಲ. ಪಟ್ಟದಕಲ್ಲಿನ ಶಾಸನಗಳಲ್ಲಿ ಎಂಟನೆಯ ಶತಮಾನದ ಶಿಲ್ಪಿ ಬಲದೇವ ತನ್ನನ್ನು ದುಗ್ಗಿ ಆಚಾರಿಯ ಮಗ ಎಂದು ಗುರುತಿಸಿಕೊಂಡಿದ್ದಾನೆ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಅವಳ ಹೆಸರೂ ಇದೆ. ಕಲ್ಲಿನಲ್ಲಿ ಹೆಸರು ಬರಬೇಕಾದರೆ ಹೆಣ್ಣು ಬಹುಮಟ್ಟಿಗೆ ರಾಣಿಯೋ ದಾನಿಯೋ ಆಗಿರಬೇಕಿತ್ತು. ದುಗ್ಗಿ ಆಚಾರಿಯ ಹೆಂಡತಿ ಏನು ಮಾಡುತ್ತಿದ್ದಳು? ಇಳಕಲ್ಲಿನಲ್ಲೂ ಅಷ್ಟೇ. ಒಡಲಿನ ಹಾಸಿಗೂ ಕೆಂಪು ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ಟೋಪ್ ತೆನಿ ಸೆರಗನ್ನು ಎಲ್ಲರೂ ಹೊಗಳುತ್ತಾರೆ, 2007ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ಮುದುಕಿಯನ್ನು ಯಾರು ಕೇಳಿದ್ದಾರೆ?

ಹಾಗೆಂದು ಮನೆತನವನ್ನು ಪೂಜೆಗಿಡುವವನೂ ನಾನಲ್ಲ. ಅಪ್ಪನ ಕೈಯಲ್ಲಿ ಸ್ಕೇಲಿನಿಂದ ಏಟು ತಿಂದಿದ್ದೇನೆ. ಕುಲಕಸುಬು ಬೇಡವೆಂದು ಗ್ಯಾರೇಜ್ ಸೇರಿದ ಗೆಳೆಯನೊಬ್ಬ ಇವತ್ತು ನನಗಿಂತ ನೆಮ್ಮದಿಯಾಗಿದ್ದಾನೆ. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ‘ಚಿತ್ರಮಂದಿರ’ದಲ್ಲಿ ಕಲಿತು ರವಿ ಪರಾಂಜಪೆಯವರಂಥ ಚಿತ್ರಕಾರರು ಬೆಳೆದದ್ದು ಯಾವ ರಕ್ತಸಂಬಂಧದಿಂದ? ಒಬ್ಬ ಗುರು, ದಿನವೂ ತೆರೆದಿಡುವ ಒಂದು ಬಾಗಿಲು, ಸಾಕು. ನನ್ನ ತಮ್ಮನಿಗೂ ಅದೇ ಅಪ್ಪ, ಅದೇ ರಕ್ತ. ಅವನಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು. ಆಷಾಢದಲ್ಲಿ ಅವನು ಗೋಲಿ ಆಡಲು ಹೋಗುತ್ತಿದ್ದ, ನಾನು ನೆಗಡಿ ಹಿಡಿಸಿಕೊಂಡು ಬ್ರಷ್ ತೊಳೆಯುತ್ತ ಒಳಗಿರುತ್ತಿದ್ದೆ. ವ್ಯತ್ಯಾಸ ಅಷ್ಟೇ.

ಅಪ್ಪನ ರಕ್ತದಲ್ಲಿದ್ದದ್ದು ಬೇರೆ. ಕೆಂಪು ಹಸಿರು ತಿಳಿಯದ ಆ ಕಣ್ಣು ತಂದೆಯಿಂದ ಗಂಡುಮಕ್ಕಳಿಗೆ ಬರುವುದಿಲ್ಲ, ಮಗಳ ಮೂಲಕ ಮೊಮ್ಮಗನಿಗೆ ಬರಬಹುದು ಎಂದು ಕಣ್ಣಿನ ಡಾಕ್ಟರು ಈ ವರ್ಷ ನಮಗೆ ಬಿಡಿಸಿ ಹೇಳಿದರು. ಅಕ್ಕನ ಮಗನಿಗೆ ಎಂಟು ವರ್ಷ. ಮಣ್ಣೆತ್ತಿನ ಅಮಾವಾಸ್ಯೆಗೆ ಅವನು ಎತ್ತಿನ ಬೆನ್ನ ಮೇಲಿನ ಜೂಲಕ್ಕೆ ಹಸಿರು ಹಚ್ಚುತ್ತೇನೆಂದು ಹೇಳಿ ಕಂದು ಹಚ್ಚಿದಾಗ ಮನೆಯವರೆಲ್ಲ ನಕ್ಕರು, ಅವ್ವ ನಗಲಿಲ್ಲ. ಅವನು ಇನ್ನು ಚಿತ್ರ ಬರೆಯುವುದಿಲ್ಲ ಎಂದು ಪೆನ್ಸಿಲ್ ಡಬ್ಬಿಯನ್ನು ಮಂಚದ ಕೆಳಗೆ ಎಸೆದಿದ್ದ.

ಇವತ್ತು ಶಾಲೆಯ ಕೆಲಸ ಮುಗಿಸಿ ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತಿದ್ದಳು, ಎದುರಿಗೆ ಅವನ ಬಣ್ಣದ ಪೆನ್ಸಿಲ್‌ಗಳ ಸಾಲು. ಬ್ಲೇಡಿನಿಂದ ಒಂದೊಂದರ ಬುಡಕ್ಕೂ ಕಚ್ಚು ಹಾಕುತ್ತಿದ್ದಳು. ಹುಡುಗ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತಿದ್ದ. ‘ಎರಡು’ ಎಂದ. ‘ಎರಡು ಎಂದರೆ?’ ಎಂದು ಅವ್ವ ಕೇಳಿದಳು. ‘ಹಸಿರು’ ಎಂದ. ‘ಯಾವ ಹಸಿರು?’ ಎಂದಳು ಅವ್ವ.