ಫ್ರಿಜ್ ಮುಂದಿನ ಚಪ್ಪಲಿ

ನಮ್ಮ ಮನೆಯ ಫ್ರಿಜ್ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ ಇರುತ್ತಿತ್ತು. ಯಾರದ್ದೂ ಅಲ್ಲ, ಎಲ್ಲರದ್ದೂ. ಮೊದಲು ಅದನ್ನು ಮೆಟ್ಟಬೇಕು, ಆಮೇಲೆ ಹಿಡಿಕೆ ಮುಟ್ಟಬೇಕು. ಬರಿಗಾಲಲ್ಲಿ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ನೆಲ ಒರೆಸಿದ ದಿನ ಜುಮ್ ಸ್ವಲ್ಪ ಜಾಸ್ತಿ. ನೆಂಟರು ಬಂದರೆ ಬಚ್ಚಲು ತೋರಿಸುವಾಗಲೇ ಅಮ್ಮ ಈ ವಿಷಯವನ್ನೂ ಹೇಳಿಬಿಡುತ್ತಿದ್ದರು. "ಏನಿಲ್ಲ, ಸ್ವಲ್ಪ ಕರೆಂಟ್ ಬರುತ್ತೆ, ಅಷ್ಟೇ."

ಇಂಥ 'ಅಷ್ಟೇ'ಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಹಾಲ್ ಫ್ಯಾನಿನ ಸ್ವಿಚ್ ಒತ್ತಿದ ಮೇಲೆ ಬೋರ್ಡಿಗೊಂದು ಗುದ್ದು ಕೊಡಬೇಕು, ಅಷ್ಟೇ. ಇಸ್ತ್ರಿ ಪೆಟ್ಟಿಗೆಯ ಪಿನ್ ಮುರಿದಿದೆ, ವೈರಿನ ತುದಿ ಸುಲಿದು ಪ್ಲಗ್ಗಿನ ತೂತಿಗಿಟ್ಟು ಬೆಂಕಿಕಡ್ಡಿ ಚುಚ್ಚಬೇಕು, ಅಷ್ಟೇ. ಬೇರೆ ಮನೆಯಲ್ಲಿ ಬೆಳೆದವರು ಇಲ್ಲಿ ಒಂದು ದಿನ ಬದುಕುತ್ತಿದ್ದರೋ ಇಲ್ಲವೋ. ನಮಗೆ ಮಾತ್ರ ಎಲ್ಲ ಬಾಯಿಪಾಠ.

ಕಾಯಂ ಎಲೆಕ್ಟ್ರಿಷಿಯನ್ ಅಪ್ಪನೇ. ಇದ್ದ ಆಸ್ತಿ ಒಂದು ಟೆಸ್ಟರು, ಒಂದು ಕಟಿಂಗ್ ಪ್ಲೇಯರು, ಅಪಾರ ಧೈರ್ಯ. ಒಮ್ಮೆ ರೂಮಿನ ಲೈಟು ಹೋಯಿತು. ಅಪ್ಪ ಪ್ಲಗ್ಗಿನ ಒಂದು ತೂತಿಗೆ ಟೆಸ್ಟರ್ ಇಟ್ಟರು, ಉರಿಯಿತು. ಇನ್ನೊಂದಕ್ಕಿಟ್ಟರು, ಅದೂ ಉರಿಯಿತು. "ನೋಡು, ಎರಡರಲ್ಲೂ ಬರ್ತಿದೆ! ಕರೆಂಟ್ ಜಾಸ್ತಿಯಾಗಿ ಲೈಟು ಹೋಗಿದೆ" ಎಂದರು. ಕರೆಂಟು ವಾಪಸ್ ಹೋಗೋ ನ್ಯೂಟ್ರಲ್ ವೈರು ಎಲ್ಲೋ ಕಡಿದಿದೆ, ಆನ್ ಆಗಿರೋ ಬಲ್ಬಿನ ಮೂಲಕ ಕರೆಂಟು ತರೋ ಫೇಸೇ ಸುತ್ತು ಹೊಡೆದು ಎರಡನೇ ತೂತಿಗೂ ಬಂದಿದೆ ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಫ್ಯೂಸಿನ ವಿಷಯದಲ್ಲಿ ಅಪ್ಪನಿಗೆ ಛಲ. ಪದೇ ಪದೇ ಹೋಗೋ ಫ್ಯೂಸನ್ನು ಅವರು ಸೋಮಾರಿ ಎಂದು ಬೈಯುತ್ತಿದ್ದರು. ಕೊನೆಗೆ ಹಳೇ ವೈರು ಸುಲಿದು, ನಾಲ್ಕೈದು ತಾಮ್ರದ ಎಳೆ ಹೊಸೆದು ಕಟ್ಟಿದರು. ಆಮೇಲೆ ಅದು ಹೋಗಲೇ ಇಲ್ಲ! ನಾವೆಲ್ಲ ಮೆಚ್ಚಿದೆವು. ಗೋಡೆಯೊಳಗಿನ ವೈರು ಬಿಸಿಯೇರಿ ಸುಡುವ ಮೊದಲೇ ತಾನು ಕರಗಿ ಸಾಯಬೇಕಾದದ್ದು ಫ್ಯೂಸು. ಅದನ್ನು ಅಪ್ಪ ಅಮರ ಮಾಡಿದ್ದರು. ಸಾಯುವ ಸರದಿ ಈಗ ವೈರಿನದು.

ಸರದಿ ಬಂದದ್ದು ಒಂದು ಸಂಜೆ. ಹೀಟರು, ವಾಷಿಂಗ್ ಮೆಷಿನ್, ಇಸ್ತ್ರಿ, ಮೂರೂ ಒಟ್ಟಿಗೆ ನಡೆಯುತ್ತಿದ್ದವು. ನಾಲ್ಕು ಬಲ್ಬು, ಒಂದು ರೇಡಿಯೋ ನೆನೆದು ಎಳೆದಿದ್ದ ವೈರು ಅದು. 2000 ವ್ಯಾಟಿನ ಹೀಟರ್ ಒಂದೇ 230 ವೋಲ್ಟಿನಲ್ಲಿ ಸುಮಾರು 9 ಆಂಪ್ ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು. ಇದ್ಯಾವುದೂ ಆಗ ನಮ್ಮ ತಲೆಯಲ್ಲಿಲ್ಲ. ಏನೋ ಸುಟ್ಟ ವಾಸನೆ ಬಂತು. ಇಡೀ ಸಂಸಾರ ಮೂಗು ಮೇಲೆತ್ತಿಕೊಂಡು ರೂಮಿಂದ ರೂಮಿಗೆ ಮೆರವಣಿಗೆ ಹೊರಟಿತು. ಪಕ್ಕದ ಮನೆಯದೇ ಇರಬೇಕು ಎಂದು ತೀರ್ಮಾನವೂ ಆಯಿತು. ಅಷ್ಟರಲ್ಲಿ ನನ್ನ ಹೆಂಡತಿ ಸ್ವಿಚ್ ಬೋರ್ಡಿನ ಹತ್ತಿರ ಅಂಗೈ ಹಿಡಿದು, "ರೀ, ಇಸ್ತ್ರಿ ಪೆಟ್ಟಿಗೆಗಿಂತ ಇದೇ ಬಿಸಿ ಇದೆ" ಎಂದಳು. ಅಪ್ಪನೇ ಓಡಿ ಮೈನ್ ಆಫ್ ಮಾಡಿದರು.

ಮರುದಿನ ನಿಜವಾದ ಎಲೆಕ್ಟ್ರಿಷಿಯನ್ ಬಂದ. ಬೋರ್ಡ್ ಬಿಚ್ಚಿದ, ಮಾತಾಡಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಸುಮ್ಮನಾದ ಹಾಗೆ. ವೈರನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿದ. ಮೇಲಿನ ರಬ್ಬರು ಒಣಗಿದ ಎಲೆಯಂತೆ ಪುಡಿಯಾಗಿ ಉದುರಿತು. ಒಳಗೆ ಬರೀ ತಾಮ್ರ. "ಇಷ್ಟು ದಿನ ಇದನ್ನ ಯಾರೂ ಅಲ್ಲಾಡಿಸದೇ ಇದ್ದಿದ್ದೇ ಪುಣ್ಯ ಸಾರ್" ಎಂದ. ಬೋರ್ಡಿಗೆ ನಾವು ಕೊಟ್ಟ ಗುದ್ದುಗಳನ್ನು ನೆನೆದು ನಾನು ನೆಲ ನೋಡಿದೆ.

ಫ್ಯೂಸ್ ಎಳೆದು ನೋಡಿದ. "ಇದನ್ನ ಯಾರು ಕಟ್ಟಿದ್ದು?" ಅಪ್ಪ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಪೂರ್ತಿ ಹೊಸ ವೈರಿಂಗೇ ಆಗಬೇಕಾಯಿತು. ಗೋಡೆ ಕೊರೆದ ಧೂಳಿನ ಕತೆ ಬಿಡಿ, ಮನೆ ಬದಲಿಸಿದವರಿಗೂ ಅಷ್ಟು ಕಷ್ಟ ಇರಲಿಕ್ಕಿಲ್ಲ. ಹೀಟರಿಗೆ ಬೇರೆ ಲೈನು, ಫ್ಯೂಸ್ ಜಾಗದಲ್ಲಿ ಕರೆಂಟು ಜಾಸ್ತಿಯಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚು, ಎಲ್ಲ ಪ್ಲಗ್ಗಿಗೂ ಅರ್ಥಿಂಗ್. ಮೇಲೆ, ಕೆಳಗೆ ಎರಡು ಮಹಡಿಗೂ ಒಂದೊಂದು ಆರ್‌ಸಿಸಿಬಿ. ಎಂಸಿಬಿ ಇದೆಯಲ್ಲ, ಇದ್ಯಾಕೆ ಎಂದು ಅಪ್ಪ ವಾದಕ್ಕಿಳಿದರು. ಅವನು ಸಮಾಧಾನದಿಂದ ಹೇಳಿದ: ಎಂಸಿಬಿ ಕಾಯೋದು ವೈರನ್ನ, ಮನುಷ್ಯನಿಗೆ ಶಾಕ್ ಹೊಡೆದರೆ ಅದಕ್ಕೆ ಗೊತ್ತೇ ಆಗಲ್ಲ. ಆರ್‌ಸಿಸಿಬಿ ಲೆಕ್ಕ ಇಡುತ್ತೆ. ಫೇಸಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲಲ್ಲಿ ವಾಪಸ್ ಬರಬೇಕು. 30 ಮಿಲಿ ಆಂಪ್ ಕಮ್ಮಿ ಬಂದರೂ ಕ್ಷಣದಲ್ಲಿ ಕಟ್.

ಹೀಗೆ ಲೆಕ್ಕ ಕೇಳುವವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಫ್ರಿಜ್ ಪಿನ್ ಹಾಕಿದೆವು, ಟಪ್! ಮತ್ತೆ ಹಾಕಿದೆವು, ಟಪ್! "ಹೊಸ ಐಟಂ ಡಿಫೆಕ್ಟು" ಎಂದರು ಅಪ್ಪ, ಖುಷಿಯಿಂದ. "ಅದು ಸರಿಯಾಗೇ ಇದೆ ಸಾರ್, ಫ್ರಿಜ್ ರಿಪೇರಿಗೆ ಕೊಡಿ" ಎಂದ ಅವನು. ಚಪ್ಪಲಿ ಹಾಕಿ ನಾವು ಮುಚ್ಚಿಟ್ಟದ್ದನ್ನು ಅದು ಒಂದೇ ಏಟಿಗೆ ಬಯಲು ಮಾಡಿತ್ತು.

ಇನ್ನೊಂದು ಗುಟ್ಟು ರಾತ್ರಿ ಹೊರಬಿತ್ತು. ಮೆಟ್ಟಿಲ ಲೈಟು ಹಾಕಿದರೆ ಮನೆಯಿಡೀ ಕತ್ತಲು. ಅದೊಂದು ಲೈಟಿನ ವೈರು ಮಾತ್ರ "ಗಟ್ಟಿಯಾಗಿದೆ, ಇರಲಿ" ಎಂದು ಅಪ್ಪ ಹಟ ಹಿಡಿದು ಹಳೆಯದನ್ನೇ ಉಳಿಸಿಕೊಂಡಿದ್ದರು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು: ಫೇಸು ಕೆಳಗಿನ ಮಹಡಿಯದು, ನ್ಯೂಟ್ರಲ್ ಮೇಲಿನದು. ಕೆಳಗಿನ ಆರ್‌ಸಿಸಿಬಿಯಿಂದ ಹೋದ ಕರೆಂಟು ಅದಕ್ಕೆ ವಾಪಸ್ ಬರುತ್ತಿಲ್ಲ, ಮೇಲಿನದಕ್ಕೆ ತಾನು ಕೊಡದ ಕರೆಂಟು ಬರುತ್ತಿದೆ. ಎರಡರ ಲೆಕ್ಕವೂ ತಪ್ಪು. ಎಲ್ಲರೂ ಅಪ್ಪನ ಮುಖ ನೋಡಿದೆವು.

"ಆವತ್ತು ವೈರು ಎರಡು ಮಾರು ಕಮ್ಮಿ ಬಿತ್ತು ಕಣೋ" ಎಂದರು.

ಈಗ ಆರ್‌ಸಿಸಿಬಿಯ ಟೆಸ್ಟ್ ಬಟನ್ ಅಪ್ಪನ ಖಾತೆ. ಆಗಾಗ ಒತ್ತಿ ನೋಡುತ್ತಿರಿ ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದಾನಲ್ಲ, ಯಾರಿಗೂ ಹೇಳದೆ ಒತ್ತುತ್ತಾರೆ. ಕತ್ತಲಲ್ಲಿ ನಾವೆಲ್ಲ ಕೂಗಿದಾಗ, "ಕೆಲಸ ಮಾಡ್ತಿದೆ!" ಎಂದು ಬೋರ್ಡಿನ ಕಡೆಯಿಂದ ಉತ್ತರ ಬರುತ್ತದೆ. ಫ್ರಿಜ್ ರಿಪೇರಿಯಾಗಿ ಬಂದಿದೆ, ಜುಮ್ ಇಲ್ಲ. ಚಪ್ಪಲಿಯನ್ನು ನಾನು ಮೂರು ಸಲ ಎತ್ತಿ ಹೊರಗಿಟ್ಟೆ. ಮೂರು ಸಲವೂ ಅಮ್ಮ ವಾಪಸ್ ತಂದಿಟ್ಟಿದ್ದಾರೆ.