ಮದ್ದು ಬಿದ್ದದ್ದು ಎಲ್ಲಿಗೆ?

“ಲಿವರ್ ಕ್ಯಾನ್ಸರಿಗೆ ವೈರಸ್ ಮದ್ದು ಬಂತು, ಒಂದೇ ಸೂಜಿ ಸಾಕು” ಎಂಬ ಸಂದೇಶ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ದಾಟಿಸುತ್ತಿರುವವರಲ್ಲಿ ಮೇಷ್ಟರುಗಳೂ ಇದ್ದಾರೆ, ಅದೇ ನನ್ನ ಸಿಟ್ಟು.

ಸುದ್ದಿಯ ಬೇರು ಸುಳ್ಳಲ್ಲ. ಬೇಕಾದ ಜೀನ್ ಒಂದರ ಬಾಯಿ ಕಟ್ಟಬಹುದೆಂದು 1998ರಲ್ಲಿ ಪುಟ್ಟ ಹುಳುವಿನಲ್ಲಿ ತೋರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಸಿಕ್ಕಿತು. ಜೀನ್ ಇದ್ದಲ್ಲೇ ಇರುತ್ತದೆ. ಪ್ರೋಟೀನ್ ತಯಾರಿಸಲು ಅದು ಕಳುಹಿಸುವ ಆರ್‌ಎನ್‌ಎ ಸಂದೇಶವನ್ನು ಮಾತ್ರ, ಸುಮಾರು 21 ಅಕ್ಷರಗಳ ತುಣುಕೊಂದರ ಗುರುತಿನ ಮೇಲೆ, ಜೀವಕೋಶವೇ ಕತ್ತರಿಸಿಹಾಕುತ್ತದೆ. ಗಡ್ಡೆ ಬೆಳೆಸುವ ಜೀನ್‌ಗೆ ಹೀಗೆ ಮಾಡಿದರೆ ಗಡ್ಡೆ ಸೊರಗಬೇಕು. ಆ ತುಣುಕಿನ ಸೂತ್ರವನ್ನು ಒಳಕ್ಕೆ ಹೊತ್ತೊಯ್ಯಲು, ರೋಗ ತರದಂತೆ ಪಳಗಿಸಿದ ವೈರಸ್. ಈ ಕೆಲಸಕ್ಕೆ ಬಳಸುವ ಎಎವಿ ಎಂಬ ಪುಟ್ಟ ವೈರಸ್‌ಗಳ ಪೈಕಿ ಎಎವಿ-8ಕ್ಕೆ ಲಿವರ್ ಎಂದರೆ ವಿಶೇಷ ಒಲವು.

ಹೊತ್ತೊಯ್ಯುವುದೇ ಕಷ್ಟ. ಇದನ್ನು ನಮ್ಮ ಎಣ್ಮಕಜೆ ಊರಿನವರಿಗೆ ಬಿಡಿಸಿ ಹೇಳಬೇಕೆ? ಗುರಿ ಇದ್ದದ್ದು ಗೇರುತೋಟದ ‘ಟೀ ಸೊಳ್ಳೆ’ ಎಂಬ ಕೀಟ. ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಬಿದ್ದದ್ದು ಗುಡ್ಡ ಕೊರೆದ ಸುರಂಗದಿಂದ ಬರುವ ನೀರಿಗೆ, ಒಣಹಾಕಿದ ಬಟ್ಟೆಗೆ, ಅಂಗಳದಲ್ಲಿದ್ದ ಮಕ್ಕಳ ಮೇಲೆ. ಸೊಳ್ಳೆ ಸತ್ತಿತೋ ಎಂದು ಕೇಳಿದವರಿದ್ದರು. ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದವರು ತಡವಾಗಿ ಬಂದರು.

ವೈರಸ್ಸಿಗೂ ಅಂಥದೇ ಪ್ರಶ್ನೆ: ಗುರಿ ತಲುಪಿದ ಮೇಲೆ ಇನ್ನೇನು ಮಾಡಿತು? 2006ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಕೇ ಅವರ ತಂಡ ಇಂಥ 49 ಬಗೆಯ ಎಎವಿ ವಾಹಕಗಳನ್ನು ಇಲಿಗಳಿಗೆ ಕೊಟ್ಟು ನೋಡಿತು. 36 ಬಗೆಗಳು ಲಿವರನ್ನು ಕೆಡಿಸಿದವು, 23 ಬಗೆಗಳು ಇಲಿಗಳನ್ನೇ ಕೊಂದವು. ವೈರಸ್ ದಾರಿ ತಪ್ಪಿರಲಿಲ್ಲ, ಲಿವರಿಗೇ ತಲುಪಿತ್ತು. ಅಲ್ಲಿ ತುಣುಕುಗಳು ಅತಿಯಾಗಿ ತಯಾರಾಗಿ, ಜೀವಕೋಶ ತನ್ನ ಸ್ವಂತ ಆರ್‌ಎನ್‌ಎ ಕೆಲಸಕ್ಕೆ ಇಟ್ಟುಕೊಂಡ ದಾರಿಯನ್ನೇ ಅಡ್ಡಗಟ್ಟಿದವು. 1999ರಲ್ಲಿ ಅಮೆರಿಕದ ಜೆಸ್ಸಿ ಗೆಲ್ಸಿಂಗರ್ ಎಂಬ 18ರ ಹುಡುಗ, ಬೇರೊಂದು ಲಿವರ್ ದೋಷಕ್ಕೆಂದು ಜೀನ್ ಹೊತ್ತ ಅಡೆನೊವೈರಸ್ ಎಂಬ ಬೇರೆ ಬಗೆಯ ವೈರಸ್ ಪಡೆದು ನಾಲ್ಕನೆಯ ದಿನ ತೀರಿಕೊಂಡ.

ಹಾಗೆಂದು ಜೀನ್ ಬಾಯಿ ಕಟ್ಟುವ ವಿದ್ಯೆ ಸೋತಿಲ್ಲ. 2018ರಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಎಂಬ ಮದ್ದು ಇದೇ ವಿದ್ಯೆಯಿಂದ ಲಿವರಿನಲ್ಲೇ ಕೆಲಸ ಮಾಡುತ್ತದೆ. ಆದರೆ ಅದು ಕ್ಯಾನ್ಸರಿನ ಮದ್ದಲ್ಲ, ಅದನ್ನು ಹೊರುವುದು ವೈರಸ್ಸೂ ಅಲ್ಲ, ಕೊಬ್ಬಿನ ಸೂಕ್ಷ್ಮ ಕಣ. ತೊಂದರೆಯಾದರೆ ಮುಂದಿನ ಸೂಜಿ ನಿಲ್ಲಿಸಬಹುದು. ಒಳಹೊಕ್ಕ ವೈರಸ್ಸನ್ನು ಹಿಂದೆ ಕರೆಯಲಾಗದು. ಅದರ ಮೇಲೆ, ಎಎವಿ ತಂದ ಸೂತ್ರ ಬಹುಮಟ್ಟಿಗೆ ನಮ್ಮ ಡಿಎನ್‌ಎಗೆ ಸೇರುವುದಿಲ್ಲವಾದ್ದರಿಂದ ಕೋಶ ಒಡೆದು ಎರಡಾದಂತೆಲ್ಲ ಅದು ತೆಳುವಾಗುತ್ತದೆ. ಒಡೆಯುತ್ತಲೇ ಇರುವುದು ತಾನೇ ಕ್ಯಾನ್ಸರಿನ ಗುಣ! ಎರಡನೆಯ ಸಲ ಕೊಡೋಣವೆಂದರೆ, ಮೊದಲ ಸೂಜಿಗೇ ಎಚ್ಚೆತ್ತ ದೇಹ ತಡೆದು ನಿಲ್ಲಿಸುತ್ತದೆ. ಈ ದಾರಿಯಲ್ಲಿ ಸಂಶೋಧನೆ ನಡೆಯಲಿ, ಹಣವೂ ಹರಿಯಲಿ. ಆದರೆ ಇನ್ನೂ ಸಂಶೋಧನೆಯಲ್ಲಿರುವುದನ್ನು ಸಿದ್ಧ ಮದ್ದೆಂದು ರೋಗಿಯ ಮನೆಗೆ ಕಳುಹಿಸುವುದು ನನಗೆ ಸೇರದು.

ಯಾಕೆಂದರೆ ಸಂದೇಶ ನಂಬಿದ ನೆರೆಮನೆಯ ಹುಡುಗ, “ಅಣ್ಣಾ, ಅಪ್ಪನಿಗೆ ಇದನ್ನು ಕೊಡಿಸಬೇಕು, ಕೆಳಗಿನ ಅಡಕೆ ತೋಟ ಹೋದರೂ ಅಡ್ಡಿಯಿಲ್ಲ” ಎಂದ. ತೋಟ ಮಾರಬೇಡ, ಮಂಗಳೂರಿನ ವೈದ್ಯರು ಹೇಳಿದ ಚಿಕಿತ್ಸೆ ಬಿಡಬೇಡ ಎಂದೆ. ಅವನ ಕೈಯಲ್ಲಿದ್ದ ಅಪ್ಪನ ವರದಿಯಲ್ಲಿ ಹೆಪಟೈಟಿಸ್-ಬಿ ಎಂದು ಸ್ಪಷ್ಟವಾಗಿ ಬರೆದಿತ್ತು; ಲಿವರ್ ಕ್ಯಾನ್ಸರಿಗೆ ದಾರಿ ಮಾಡಬಲ್ಲ, ಮನೆಯವರಿಗೂ ಹರಡಬಲ್ಲ ವೈರಸ್ ಸೋಂಕು ಅದು. ತಾಯಿಯಾಗಲಿ, ಮಕ್ಕಳಾಗಲಿ ರಕ್ತ ಪರೀಕ್ಷಿಸಿಕೊಂಡಿರಲಿಲ್ಲ. ದೇಶದಾದ್ಯಂತ ಮಕ್ಕಳಿಗೆ ಇದರ ಲಸಿಕೆ ಸಿಗತೊಡಗಿದ್ದು 2011ರ ಹೊತ್ತಿಗೆ; ಅದಕ್ಕೂ ಮೊದಲು ಹುಟ್ಟಿದವರಲ್ಲಿ ಹಲವರಿಗೆ ಅದು ಸಿಕ್ಕಿಲ್ಲ. ನಿಮ್ಮ ಮನೆಯಲ್ಲೂ ಯಾರಿಗಾದರೂ ಹೆಪಟೈಟಿಸ್-ಬಿ ಇದ್ದರೆ ಉಳಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಿ, ಇದ್ದರೆ ಎಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕೆಂದು ವೈದ್ಯರನ್ನು ಕೇಳಿ. ದಾಟಿಸಲೇಬೇಕಿದ್ದರೆ ಇದನ್ನು ದಾಟಿಸಿ, ಮೇಷ್ಟ್ರೇ.