ಹಳೆಯ ಲೈಬ್ರರಿಗಳನ್ನು ಕೈಬಿಡುವುದನ್ನು ನಾನೇಕೆ ಒಪ್ಪುತ್ತೇನೆ

ಡೊಂಬಿವಲಿಯ ನಮ್ಮ ಪುಟ್ಟ ಕನ್ನಡ ವಾಚನಾಲಯದ ಕಂಪ್ಯೂಟರಿಗೆ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಹಾಕಿದ ಸಂಜೆ, ಪುಸ್ತಕಗಳ ಎರವಲು ಲೆಕ್ಕವಿಡಲು ನಾನು ಬರೆದುಕೊಟ್ಟಿದ್ದ ತಂತ್ರಾಂಶ ತೆರೆದುಕೊಳ್ಳಲೇ ಇಲ್ಲ. ಅದಕ್ಕೆ ಬೇಕಿದ್ದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿ ಮತ್ತು ತೆರೆಯ ಮೇಲೆ ಕಿಟಕಿ, ಗುಂಡಿಗಳನ್ನು ಮೂಡಿಸುವ ಪೈಜಿಟಿಕೆ ಎಂಬ ಲೈಬ್ರರಿ (ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನ ಸಂಗ್ರಹ) ಎರಡನ್ನೂ ಡೆಬಿಯನ್ ಅಷ್ಟರಲ್ಲಿ ಕೈಬಿಟ್ಟಿತ್ತು. ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿದರಲ್ಲ ಎಂದು ಅಂದು ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಇಂದು ಆ ನಿರ್ಧಾರವೇ ಸರಿ ಎನ್ನುತ್ತೇನೆ. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ರ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷಗಳ ಅವಕಾಶವನ್ನು ಅವಸರವೆನ್ನಲಾಗದು. ಪೈಜಿಟಿಕೆಯಂಥದೇ ಇನ್ನೊಂದು ಲೈಬ್ರರಿಯಾದ ಕ್ಯೂಟಿ 4ಕ್ಕೆ ಅದರ ತಯಾರಕರ ಬೆಂಬಲ 2015ರಲ್ಲೇ ಮುಗಿದಿದ್ದರೂ ಡೆಬಿಯನ್ ಅದನ್ನು 2019ರ ಆವೃತ್ತಿಯವರೆಗೂ ಉಳಿಸಿಕೊಂಡಿತ್ತು.

ಒಂದೇ ಲೈಬ್ರರಿಯನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುವ ವ್ಯವಸ್ಥೆಯ ಲಾಭವೇನೆಂಬುದು 2014ರ ಏಪ್ರಿಲ್‌ನಲ್ಲಿ ಅಂತರ್ಜಾಲ ಸಂಪರ್ಕಗಳನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಕಂಡಿತು: ಆ ಒಂದು ಪ್ಯಾಕೇಜನ್ನು (ಹಂಚಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟನ್ನು) ಸರಿಪಡಿಸಿ ಸರ್ವರ್‌ಗಳನ್ನು ಮತ್ತೆ ಚಾಲೂ ಮಾಡಿದರೆ, ಅದನ್ನು ಹಂಚಿಕೊಂಡಿದ್ದ ತಂತ್ರಾಂಶಗಳಿಗೆಲ್ಲ ಪರಿಹಾರ ಸಿಗುತ್ತಿತ್ತು. ಆದರೆ ಲೈಬ್ರರಿಯನ್ನು ತಿದ್ದುವವರೇ ಇಲ್ಲದಿದ್ದರೆ ಅದೇ ದಾರಿಯಲ್ಲಿ ದೋಷವೂ ಎಲ್ಲರ ಮನೆಗೆ ಹೋಗುತ್ತದೆ, ಮತ್ತು ಅದನ್ನು ತಡೆಯುವ ಹೊರೆ ಬಹುಪಾಲು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ಮೇಲೆ ಬೀಳುತ್ತದೆ.

ತಂತ್ರಾಂಶವನ್ನು ಪೈಥಾನ್ 3ಕ್ಕೆ ತರಲು ಕುಳಿತಾಗಲೇ ನನ್ನದೇ ಹಳೆಯ ತಪ್ಪೊಂದು ಕಣ್ಣಿಗೆ ಬಿತ್ತು. ಪೈಥಾನ್ 2ರ ಸಾಮಾನ್ಯ ಪಠ್ಯವು ಬರಿಯ ಬೈಟ್‌ಗಳ ಸಾಲು. ಕನ್ನಡದ ಒಂದೊಂದು ಸಂಕೇತಕ್ಕೂ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಸದಸ್ಯರ ಹೆಸರನ್ನು ನಾನು 40 ಬೈಟಿಗೆ ಕತ್ತರಿಸುತ್ತಿದ್ದುದರಿಂದ ಉದ್ದದ ಹೆಸರುಗಳ ಕೊನೆಯ ಅಕ್ಷರ ತುಂಡಾಗಿ, ರಸೀದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗಿ ಅಚ್ಚಾಗುತ್ತಿತ್ತು. ಹಿರಿಯ ಸದಸ್ಯರೊಬ್ಬರು ತಮ್ಮ ಹೆಸರನ್ನು ಪ್ರತಿ ಸಲವೂ ಪೆನ್ನಿನಿಂದ ತಿದ್ದಿಕೊಳ್ಳುತ್ತಿದ್ದರು. ಹಳೆಯ ಲೈಬ್ರರಿ ಉಳಿದಿದ್ದರೆ ನಾನು ಆ ಸಾಲನ್ನು ಮತ್ತೆಂದೂ ತೆರೆದು ನೋಡುತ್ತಿರಲಿಲ್ಲ.

ಆದರೂ ನನ್ನದೊಂದು ತಕರಾರು ಉಳಿದಿದೆ. ಒಂದು ಲೈಬ್ರರಿಯನ್ನು ತೆಗೆಯುವ ಮೊದಲು ಡೆಬಿಯನ್‌ನವರು ಅದನ್ನು ಅವಲಂಬಿಸಿದ ಪ್ಯಾಕೇಜುಗಳನ್ನು ಹುಡುಕಿ, ಅವುಗಳ ನಿರ್ವಾಹಕರಿಗೆ ದೋಷ ವರದಿಯ ಮೂಲಕ ತಿಳಿಸುತ್ತಾರೆ. ಡೆಬಿಯನ್ ವಿತರಣೆಯ ಹೊರಗೆ, ನಮ್ಮಂಥ ವಾಚನಾಲಯದ ಮೇಜಿನ ಮೇಲಿರುವ ತಂತ್ರಾಂಶ ಆ ಹುಡುಕಾಟಕ್ಕೆ ಸಿಗುವುದಿಲ್ಲ. ಕೈಬಿಟ್ಟ ಮುಖ್ಯ ಪ್ಯಾಕೇಜುಗಳ ವಿವರ ಬಿಡುಗಡೆ ಟಿಪ್ಪಣಿಯಲ್ಲಿ ಇರುತ್ತದೆ. ಭದ್ರತಾ ಬೆಂಬಲ ನಿಂತಿರುವ ಪ್ಯಾಕೇಜುಗಳನ್ನು ತೋರಿಸುವ 'ಚೆಕ್-ಸಪೋರ್ಟ್-ಸ್ಟೇಟಸ್' ಎಂಬ ಆದೇಶವೂ ಇದೆ. ಇವು ಮೇಜಿನ ಮುಂದೆ ಕೂರುವವರಿಗೆ, ಅವರ ಭಾಷೆಯಲ್ಲಿ, ಮೊದಲೇ ತಲುಪಬೇಕು. ಬಿಡುಗಡೆ ಟಿಪ್ಪಣಿಯ ಆ ಭಾಗವನ್ನು ನಾನು ಕನ್ನಡಕ್ಕೆ ತರಲಾರಂಭಿಸಿದ್ದೇನೆ. ಠಾಣೆ, ಕಲ್ಯಾಣ ಕಡೆಯ ಕನ್ನಡ ಸಂಘಗಳಲ್ಲಿ ಲಿನಕ್ಸ್ ಬಳಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕರಡು ಓದಿ ತಿದ್ದುವವರು ಬೇಕಾಗಿದ್ದಾರೆ.